ಹೊಸ ಡಿಎ ಸಿಲಿಂಡರ್, ಟಾರ್ಚ್ ಪಟಪಟ ಅನ್ನಾಕತ್ತೈತಿ (ಭೋಸರಿ, ಪುಣೆ)

ಭೋಸರಿ ಗಾಳಾ:
ಇವತ್ತು ನಮ್ಮ ಗಾಳಾಕ್ಕ (ಸಣ್ಣ ವರ್ಕ್‌ಶಾಪ್) ತುಂಬಿದ ಡಿಎ, ಅಂದ್ರ ಕರಗಿಸಿದ ಅಸಿಟಿಲೀನ್ ಗ್ಯಾಸಿನ ಸಿಲಿಂಡರ್ ಬಂತು. ಹಚ್ಚಿ ಹತ್ತು ನಿಮಿಷಕ್ಕ ಲೋಹ ಕಾಯಿಸೋ ಟಾರ್ಚ್ ಪಟಪಟ ಅಂತೈತಿ, ಜ್ವಾಲೆ ನೇರಳೆ ಬಣ್ಣಕ್ಕ ತಿರಗೈತಿ, ರೆಗ್ಯುಲೇಟರಿನ ಒತ್ತಡ ತೋರಿಸೋ ಮುಳ್ಳು ನಿಲ್ಲವಲ್ದು. ನಾಝಲ್ ಸ್ವಚ್ಛ ಮಾಡಿದ್ದಾತು. ಗ್ಯಾಸ್ ಕಡಿಮಿ ತುಂಬ್ಯಾರಂತ ವಾಪಸ್ ಕಳಸ್ಲೇನು?

ಗ್ಯಾಸ್ ಕಟರ್:
ಮೊದಲು ಸಿಲಿಂಡರ್ ವಾಲ್ವ್ ಬಂದ್ ಮಾಡ್ರಿ. ಟೆಂಪೊದಾಗ ನಿಲ್ಲಿಸಿ ತಂದ್ರೋ, ಮಲಗಿಸಿ ತಂದ್ರೋ? ನಾಝಲ್ ಗಂಟೆಗೆ ಎಷ್ಟು ಲೀಟರಿನದು?

ಭೋಸರಿ ಗಾಳಾ:
ಮಲಗಿಸೇ ತಂದಿವ್ರಿ. ಇಳಿಸಿದ ಕೂಡ್ಲೆ ಜೋಡಿಸಿವಿ. ಹೀಟಿಂಗ್ ನಾಝಲ್, 1200 ಲೀಟರ್.

ಗ್ಯಾಸ್ ಕಟರ್:
ಹಂಗಾರ ಟಾರ್ಚಿಗೆ ಬರ್ತಿರೋದು ಅಸಿಟೋನ್ ಅನ್ನೋ ದ್ರವ. ಡಿಎ ಒಳಗ ಖಾಲಿ ಜಾಗ ಇರಂಗಿಲ್ಲ. ಸ್ಪಂಜಿನಂಥ ಗಟ್ಟಿ ಪದಾರ್ಥ, ಅದು ಹೀರಿಕೊಂಡ ಅಸಿಟೋನ್, ಅದರಾಗ ಕರಗಿದ ಅಸಿಟಿಲೀನ್. ಮಲಗಿಸಿದಾಗ ಅಸಿಟೋನ್ ವಾಲ್ವ್ ಕಡೆ ಬರ್ತೈತಿ. ಮಲಗಿದ್ದಷ್ಟು ಹೊತ್ತಾದ್ರೂ ನೆಟ್ಟಗ ನಿಲ್ಲಿಸಬೇಕು. ಲೆಕ್ಕ ಗೊತ್ತಿಲ್ದಿದ್ರ ಇಡೀ ರಾತ್ರಿ ಬಿಡ್ರಿ.

ಎರಡನೇ ತಪ್ಪು ನಾಝಲ್. ಬಿಟ್ಟು ಬಿಟ್ಟು ಕೆಲಸ ಮಾಡಿದ್ರ ಗಂಟೆಗೆ ಒಳಗಿನ ಗ್ಯಾಸಿನ ಹತ್ತನೇ ಒಂದು ಭಾಗ, ಬಿಡದೆ ಸುಟ್ಟರ ಹದಿನೈದನೇ ಒಂದು ಭಾಗ ಮಾತ್ರ ತಗೀಬೇಕು. 6 ಘನ ಮೀಟರ್ ತುಂಬಿದ್ರೂ 600 ಮತ್ತು 400 ಲೀಟರ್ ಅಷ್ಟ. ಅಂದ್ರ ಈ ನಾಝಲಿಗೆ ಬಿಟ್ಟು ಬಿಟ್ಟು ಸುಡಾಕ ಎರಡು, ಬಿಡದೆ ಸುಡಾಕ ಮೂರು ತುಂಬಿದ ಸಿಲಿಂಡರ್ ಮ್ಯಾನಿಫೋಲ್ಡಿಗೆ (ಹಲವು ಸಿಲಿಂಡರ್ ಕೂಡಿಸೋ ಪೈಪು) ಜೋಡಿಸಬೇಕು. ಸಿಲಿಂಡರ್ ಖಾಲಿ ಆದಂಗ ಈ ಲೆಕ್ಕನೂ ಇಳೀತೈತಿ. ಹರಿವು ಸಾಲದಿದ್ರ ನಾಝಲ್ ಬಿಸಿಯಾಗಿ ಬೆಂಕಿ ಹಿಂದಕ್ಕ ಹೋಗ್ತೈತಿ, ಅದ ಆ ಪಟಪಟ.

ಒತ್ತಡ ಏರಿಸಿ ಸರಿ ಮಾಡಾಕ ಹೋಗಬ್ಯಾಡ್ರಿ. ಗೇಜಿನಾಗ 1 ಬಾರ್ ದಾಟಿದ್ರ ಅಸಿಟಿಲೀನ್ ಗಾಳಿ ಇಲ್ದನೂ ಒಡೆದು ಸ್ಫೋಟ ಆಗಬಹುದು. ಕಡಿಮಿ ತುಂಬ್ಯಾರೇನಂತ ಮುಳ್ಳು ಹೇಳಂಗಿಲ್ಲ, ತೂಕ ಹೇಳ್ತೈತಿ.

ಹೋಸ್ ಪೈಪ್:
ಹೋಸಿನಲ್ಲಿ ಜೋಡಣೆ ಏನಾದರೂ ಇದೆಯೇ?

ಭೋಸರಿ ಗಾಳಾ:
ಕೆಂಪು ಹೋಸ್ ಹರಿದಿತ್ತು, ಎಸಿ ಕೆಲಸದ ತಾಮ್ರದ ಪೈಪಿನ ತುಣುಕು ಹಾಕಿ ಕ್ಲಿಪ್ ಬಿಗಿದಿವಿ.

ಹೋಸ್ ಪೈಪ್:
ಮಲಗಿಸಿ ತಂದದ್ದಕ್ಕಿಂತ ಇದು ಅಪಾಯ. ತಾಮ್ರಕ್ಕೆ ಅಸಿಟಿಲೀನ್ ತಾಗಿ ಕಾಪರ್ ಅಸಿಟಿಲೈಡ್ ಆಗುತ್ತದೆ. ಒಣಗಿದ ಮೇಲೆ ಒಂದು ಪೆಟ್ಟು ಸಾಕು, ಸಿಡಿಯುತ್ತದೆ. ಹಿತ್ತಾಳೆ ಜಾಯಿನರ್ ಬೇರೆ ಮಾತು, ತಾಮ್ರ 70 ಶೇಕಡಾ ಮೀರಬಾರದು ಅಷ್ಟೇ. ನಿಮ್ಮ ಹೋಸಿಗೆ ಅಸಿಟೋನ್ ಹೊಕ್ಕಿದೆ, ರಬ್ಬರ್ ಮೆತ್ತಗಾಗಿರುತ್ತದೆ. ಇಡೀ ಹೋಸ್ ಬದಲಿಸಿ. ತಾಮ್ರದ ತುಣುಕನ್ನು ಕೆರೆಯಬೇಡಿ, ಬಡಿಯಬೇಡಿ. ಫ್ಲ್ಯಾಶ್‌ಬ್ಯಾಕ್ ಅರೆಸ್ಟರ್ (ಬೆಂಕಿ ಹಿಂದಕ್ಕೆ ಹೋಗದಂತೆ ತಡೆಯುವ ಸಾಧನ) ಮತ್ತು ರೆಗ್ಯುಲೇಟರನ್ನೂ ಪರೀಕ್ಷೆಗೆ ಕೊಡಿ, ರೆಗ್ಯುಲೇಟರ್ ಒಳಗಿನ ಡಯಾಫ್ರಮ್ (ಪೊರೆ) ಕೆಟ್ಟಿರಬಹುದು.

ಗಾಳಾ ಮುಚ್ಚುವ ಮೊದಲು ಸಿಲಿಂಡರ್ ಮೈ ಮುಟ್ಟಿ ನೋಡಿ. ಬೆಂಕಿ ಒಳಗೆ ಹೋಗಿದ್ದರೆ ಬಿಸಿ ಏರುತ್ತದೆ. ಬಿಸಿಯಿದ್ದರೆ ಅಲುಗಿಸಬೇಡಿ. ಎಲ್ಲರನ್ನೂ ಹೊರಗೆ ಕಳಿಸಿ 101ಕ್ಕೆ ಕರೆ ಮಾಡಿ. ನೀರು ಹಾಕುವುದಿದ್ದರೆ ಮರೆಯಲ್ಲಿ ನಿಂತು ದೂರದಿಂದ.

ಭೋಸರಿ ಗಾಳಾ:
ಮುಟ್ಟಿ ನೋಡಿದೆ, ತಣ್ಣಗೈತಿ. ನಿಲ್ಲಿಸಿ ಚೈನ್ ಹಾಕೀನಿ. ಆದ್ರ ಆಕ್ಸಿಜನ್ ಅದರ ಪಕ್ಕದಾಗ ಇಡಬಹುದಾ? ಗಾಳಾ 20 ಅಡಿ ಉದ್ದ.

ಹೋಸ್ ಪೈಪ್:
ಟ್ರಾಲಿಯಲ್ಲಿ ಕೆಲಸಕ್ಕೆ ನಿಂತ ಜೋಡಿ ಪಕ್ಕಪಕ್ಕ ಇರಲಿ. ಶೇಖರಿಸಿದ ಕಪ್ಪು (ಆಕ್ಸಿಜನ್) ಸಿಲಿಂಡರಿಗೂ ಮರೂನ್ (ಡಿಎ) ಸಿಲಿಂಡರಿಗೂ ನಡುವೆ 6 ಮೀಟರ್ ಬೇಕು, ಅಂದರೆ ನಿಮ್ಮ ಇಡೀ ಗಾಳಾ! ಹಾಗಾಗಿ ನಡುವೆ ಒಂದೂವರೆ ಮೀಟರ್ ಎತ್ತರದ ಇಟ್ಟಿಗೆ ಗೋಡೆ ಕಟ್ಟಿಸಿ, ಇಲ್ಲವೇ ಡಿಎಯನ್ನು ಹೊರಗೆ ನೆರಳಿನ ಜಾಲರಿ ಪಂಜರದಲ್ಲಿಡಿ. ತುಂಬಿದ್ದು, ಖಾಲಿ ಬೇರೆ ಬೇರೆ. ಪುಣೆಯ ಮಳೆಗಾಲದಲ್ಲಿ ತಳ ತುಕ್ಕು ಹಿಡಿಯುತ್ತದೆ, ನೀರು ನಿಲ್ಲದ ಕಟ್ಟೆ ಮಾಡಿಸಿ. ಆಕ್ಸಿಜನ್ ವಾಲ್ವಿಗೆ ಎಣ್ಣೆ, ಗ್ರೀಸ್ ಕೈ ತಾಗಕೂಡದು.

ಗ್ಯಾಸ್ ಕಟರ್:
ನಾಳೆ ಹಚ್ಚುವಾಗ ಡಿಎ ವಾಲ್ವ್ ತೆರೆಯೋ ಸ್ಪಿಂಡಲ್ ಒಂದು ಸುತ್ತಿಗಿಂತ ಹೆಚ್ಚು ತಿರಗಿಸಬ್ಯಾಡ್ರಿ, ಚಾವಿ ಅದರ ಮ್ಯಾಲೇ ಇರ್ಲಿ. ಜೋಡಣೆಗೆಲ್ಲ ಸೋಪಿನ ನೀರು ಹಚ್ಚಿ ನೋಡ್ರಿ.