ಗಾಜಿನ ಬಡಿಸುವ ತಟ್ಟೆಗಳು ಒಣಗಿದ ಮೇಲೆ ಮಂಜು ಮಂಜಾಗುತ್ತಿವೆ, ಹೇಗೆ ತೊಳೆಯಲಿ?

ಪ್ರಶ್ನೆ

ಎಲ್ಲರಿಗೂ ನಮಸ್ಕಾರ. ನೆಂಟರು ಬಂದಾಗ ಬಡಿಸೋಕೆ ಅಂತ ಅಮ್ಮ ಕೊಟ್ಟ ಗಾಜಿನ ದೊಡ್ಡ ತಟ್ಟೆಗಳು ನನ್ನ ಹತ್ತಿರ ಇವೆ. ಕೆಲವು ಸಾದಾ, ಒಂದಕ್ಕೆ ಪೂರ್ತಿ ಕೆತ್ತನೆ, ಇನ್ನೊಂದಕ್ಕೆ ಅಂಚಿನಲ್ಲಿ ಚಿನ್ನದ ಬಣ್ಣದ ಗೆರೆ. ಈಗೀಗ ಎಲ್ಲದರ ಮೇಲೂ ಬಿಳಿ ಪೊರೆ ಕಾಣುತ್ತಿದೆ. ಒದ್ದೆ ಇರುವಾಗ ಹೊಸದರ ಹಾಗೆ ಹೊಳೆಯುತ್ತವೆ. ಒಣಗಿದರೆ ಮತ್ತೆ ಮಂಜು. ಸಾದಾ ತಟ್ಟೆಗಳನ್ನು ಡಿಶ್‌ವಾಷರ್‌ಗೆ ಹಾಕುತ್ತೇನೆ, ಉಳಿದ ಎರಡನ್ನು ಕೈಯಲ್ಲೇ ತೊಳೆಯುತ್ತೇನೆ. ಹಿಂಬದಿಯ ಸಂದಿಯಲ್ಲಿ ಹಳದಿ ಜಿಡ್ಡೂ ಕೂತಿದೆ, ಉಗುರಿನಲ್ಲಿ ಕೆರೆದರೂ ಬರುವುದಿಲ್ಲ. ಸ್ಟೀಲ್ ಸ್ಕ್ರಬ್ಬರ್ ಹಾಕಿ ಉಜ್ಜಲು ಮನಸ್ಸು ಬರುತ್ತಿಲ್ಲ. ಇವು ಹಾಳಾಗುವುದು ನನಗೆ ಬೇಡ. ದಯವಿಟ್ಟು ತಿಳಿದವರು ಹೇಳಿ.

ಉತ್ತರ 1

ಅಡುಗೆ ಸೋಡಾ ಮತ್ತು ವಿನಿಗರ್ ಒಟ್ಟಿಗೆ ಕಲಸಿ ಹಚ್ಚಿ. ಚೆನ್ನಾಗಿ ನೊರೆ ಬರುತ್ತದೆ. ಸ್ವಲ್ಪ ಹೊತ್ತು ಬಿಟ್ಟು ಸ್ಪಂಜಿನಲ್ಲಿ ಉಜ್ಜಿ ತೊಳೆಯಿರಿ. ನಮ್ಮ ಮನೆಯಲ್ಲಿ ಎಲ್ಲದಕ್ಕೂ ಇದೇ.

ಉತ್ತರ 2

ಸ್ಟೀಲ್ ಸ್ಕ್ರಬ್ಬರ್ ಹಾಕಲಿಲ್ಲವಲ್ಲ, ಒಳ್ಳೆಯದಾಯಿತು. ಗೀರು ಬಿದ್ದರೆ ಅದನ್ನು ಅಳಿಸಲು ಆಗುವುದಿಲ್ಲ.

ನಾನು ಕಾಲೇಜಿನ ಕೆಮಿಸ್ಟ್ರಿ ಲ್ಯಾಬ್‌ನಲ್ಲಿ ಗಾಜಿನ ಸಾಮಾನು ನೋಡಿಕೊಳ್ಳುವವಳು. ದಿನವೂ ಇದೇ ಕೆಲಸ. ಅದಕ್ಕೇ ಒಂದು ಮಾತು ಮೊದಲು ಹೇಳುತ್ತೇನೆ: ಉಜ್ಜುವುದಕ್ಕೆ ಮುಂಚೆ ಆ ಬಿಳಿ ಯಾವುದು ಅಂತ ನೋಡಿ. ಮಂಜಿನಲ್ಲಿ ಎರಡು ಜಾತಿ ಇದೆ. ಒಂದು, ಗಡಸು ನೀರು ಆರಿದಾಗ ಉಳಿಯುವ ಕ್ಯಾಲ್ಸಿಯಂ, ಮೆಗ್ನೀಷಿಯಂ ಲವಣಗಳ ಪದರ. ಅದು ಗಾಜಿನ ಮೇಲೆ ಕೂತಿರುತ್ತದೆ, ತೆಗೆಯಬಹುದು. ಇನ್ನೊಂದು, ಗಾಜೇ ಸವೆದಿರುವುದು. ಅಲ್ಲಿ ತೆಗೆಯೋಕೆ ಏನೂ ಇರುವುದಿಲ್ಲ. ಒದ್ದೆ ಇರುವಾಗ ಎರಡೂ ಮಾಯವಾಗುತ್ತವೆ. ಹಾಗಾಗಿ ನೀರಿನಲ್ಲಿ ನೋಡಿ ಯಾವುದು ಅಂತ ಹೇಳಲು ಬರುವುದಿಲ್ಲ.

ಪರೀಕ್ಷೆ ಸುಲಭ. ತಟ್ಟೆ ಪೂರ್ತಿ ಒಣಗಿರಲಿ. ಒಂದು ಚಿಕ್ಕ ಬಟ್ಟೆ ತುಂಡನ್ನು ಬಿಳಿ ವಿನಿಗರ್‌ನಲ್ಲಿ ಅದ್ದಿ ಒಂದು ಮೂಲೆಯಲ್ಲಿ ಇಡಿ. ಹತ್ತು ನಿಮಿಷ ಬಿಟ್ಟು ಅಷ್ಟು ಜಾಗ ತೊಳೆದು, ಒರೆಸಿ, ಬೆಳಕಿಗೆ ಹಿಡಿಯಿರಿ. ಆ ಜಾಗ ತಿಳಿಯಾಗಿದ್ದರೆ ಅದು ನೀರಿನ ಕಲೆ. ಏನೂ ಬದಲಾಗದಿದ್ದರೆ ಇನ್ನೊಂದು ಸಲ ಮಾಡಿ ನೋಡಿ. ಆಗಲೂ ಹಾಗೇ ಇದ್ದರೆ ಗಾಜು ಸವೆದಿರುವ ಸಾಧ್ಯತೆಯೇ ಜಾಸ್ತಿ. ಓರೆಯಾಗಿ ಹಿಡಿದಾಗ ಕಾಮನಬಿಲ್ಲಿನ ಬಣ್ಣ ಮಿಂಚಿದರೂ ಸವೆತ ಶುರುವಾಗಿರಬಹುದು.

ನೀರಿನ ಕಲೆ ಅಂತ ಗೊತ್ತಾದರೆ, ಒಂದು ಲೋಟ ಬೆಚ್ಚಗಿನ ನೀರಿಗೆ ಒಂದು ಚಮಚ ನಿಂಬೆ ಉಪ್ಪು (ಅಂಗಡಿಯಲ್ಲಿ ಸಿಗುವ ಸಿಟ್ರಿಕ್ ಆಸಿಡ್ ಪುಡಿ) ಕರಗಿಸಿ. ವಿನಿಗರ್‌ನಷ್ಟೇ ಕೆಲಸ ಮಾಡುತ್ತದೆ, ಘಾಟು ಇಲ್ಲ. ಬಟ್ಟೆ ನೆನೆಸಿ ತಟ್ಟೆಯ ಮೇಲೆ ಹಾಸಿ, ಕಾಲು ಗಂಟೆ ಬಿಟ್ಟು ತೊಳೆಯಿರಿ. ಕೆತ್ತನೆ ತಟ್ಟೆಯ ಗೆರೆಗಳಿಗೆ ಮೆತ್ತನೆಯ ಹಲ್ಲುಜ್ಜುವ ಬ್ರಷ್ ಸಾಕು. ಅದು ಹಳೆಯ ಕ್ರಿಸ್ಟಲ್ ಆಗಿದ್ದರೆ ಅದರಲ್ಲಿ ಸೀಸ ಇರಬಹುದು. ಪೂರ್ಣ ಸೀಸದ ಕ್ರಿಸ್ಟಲ್‌ನಲ್ಲಿ ಶೇಕಡಾ 24 ಅಥವಾ ಹೆಚ್ಚು ಸೀಸದ ಆಕ್ಸೈಡ್ ಇರುತ್ತದೆ. ಅಂಥದ್ದನ್ನು ಹುಳಿಯಲ್ಲಿ ನೆನೆಹಾಕಬೇಡಿ, ಹುಳಿ ಪದಾರ್ಥವನ್ನೂ ಅದರಲ್ಲಿ ಇಟ್ಟು ಬಿಡಬೇಡಿ.

ಮೇಲಿನವರು ಹೇಳಿದ ಎರಡೂ ವಸ್ತು ಒಳ್ಳೆಯವೇ, ಆದರೆ ಬೇರೆ ಬೇರೆಯಾಗಿ ಬಳಸಿ. ಒಂದು ಹುಳಿ, ಇನ್ನೊಂದು ಕ್ಷಾರ. ಕಲಸಿದರೆ ಒಂದರ ಶಕ್ತಿಯನ್ನು ಇನ್ನೊಂದು ತಿಂದುಹಾಕುತ್ತದೆ. ನೊರೆ ಅಂದರೆ ಕಾರ್ಬನ್ ಡೈಆಕ್ಸೈಡ್ ಹೊರಗೆ ಹೋಗುವುದು ಅಷ್ಟೇ. ಬಿಳಿ ಕಲೆಗೆ ಹುಳಿ, ಜಿಡ್ಡಿಗೆ ಸೋಡಾ. ಇನ್ನು ವಿನಿಗರ್ ಜೊತೆ ಬ್ಲೀಚ್ ಮಾತ್ರ ಯಾವತ್ತೂ ಸೇರಿಸಬೇಡಿ. ಕ್ಲೋರಿನ್ ಅನಿಲ ಬರುತ್ತದೆ, ಅಪಾಯ.

ಹಳದಿ ಜಿಡ್ಡು ಅಂದರೆ ಎಣ್ಣೆಯೇ. ಬಿಸಿ, ಗಾಳಿ ತಾಗಿ ತಾಗಿ ಗಟ್ಟಿಯಾಗಿ ಅಂಟಿಕೊಂಡಿದೆ. ಬೆಚ್ಚಗಿನ ನೀರಿಗೆ ಪಾತ್ರೆ ತೊಳೆಯುವ ಲಿಕ್ವಿಡ್ ಹಾಕಿ ರಾತ್ರಿ ನೆನೆಹಾಕಿ. ಬೆಳಿಗ್ಗೆ ಅಡುಗೆ ಸೋಡಾಕ್ಕೆ ನಾಲ್ಕು ಹನಿ ನೀರು ಬೆರೆಸಿ ಹಚ್ಚಿ, ಸ್ಪಂಜಿನಲ್ಲಿ ನಿಧಾನಕ್ಕೆ ಉಜ್ಜಿ. ಸೋಡಾ ಗಾಜಿಗಿಂತ ಎಷ್ಟೋ ಮೆತ್ತಗೆ, ಗೀರು ಬೀಳುವುದಿಲ್ಲ. ಒಂದೇ ಸಲಕ್ಕೆ ಪೂರ್ತಿ ಬರದಿದ್ದರೆ ಮತ್ತೆ ನೆನೆಹಾಕಿ. ಬಲ ಹಾಕುವುದಕ್ಕಿಂತ ಸಮಯ ಕೊಡುವುದೇ ಮೇಲು.

ಜಿಡ್ಡು ಹೋಯಿತೋ ಇಲ್ಲವೋ ಅಂತ ನಾವು ಲ್ಯಾಬ್‌ನಲ್ಲಿ ನೋಡುವ ವಿಧಾನ ಹೀಗೆ. ಸೋಪೆಲ್ಲ ಹೋಗುವಂತೆ ತೊಳೆದು, ನೀರು ಇಳಿಯುವಾಗ ಗಮನಿಸಿ. ಶುದ್ಧ ಗಾಜಿನ ಮೇಲೆ ನೀರು ತೆಳ್ಳಗೆ ಹಾಸಿದಂತೆ ಹರಡುತ್ತದೆ. ಎಲ್ಲಿ ಹನಿ ಹನಿಯಾಗಿ ನಿಂತಿತೋ ಅಲ್ಲಿ ಇನ್ನೂ ಎಣ್ಣೆ ಇದೆ.

ಚಿನ್ನದ ಗೆರೆಯ ತಟ್ಟೆಗೆ ಇದ್ಯಾವುದೂ ಬೇಡ. ಆ ಪದರ ತೀರಾ ತೆಳು. ಉಗುರುಬೆಚ್ಚಗಿನ ನೀರು, ಲಿಕ್ವಿಡ್, ಮೆತ್ತನೆಯ ಬಟ್ಟೆ. ಕಲೆ ಇದ್ದರೆ ಗೆರೆಗೆ ತಾಗದಂತೆ ನಡುವೆ ಮಾತ್ರ ನಿಂಬೆ ಉಪ್ಪಿನ ನೀರು ಹಚ್ಚಿ. ಮೈಕ್ರೋವೇವ್‌ಗೆ ಇದನ್ನು ಇಡಲೇಬೇಡಿ, ಲೋಹದ ಗೆರೆ ಕಿಡಿ ಹಾರಿಸುತ್ತದೆ.

ಉತ್ತರ 3

ಮೇಲೆ ಬರೆದವರ ಮಾತಿಗೆ ಬಿಸಿ ತಣ್ಣಗಿನ ವಿಷಯ ಸೇರಿಸುತ್ತೇನೆ. ಫ್ರಿಜ್ಜಿನಿಂದ ತೆಗೆದ ತಟ್ಟೆಗೆ ಬಿಸಿ ನೀರು ಸುರಿಯಬೇಡಿ, ಬಿಸಿ ತಟ್ಟೆಯನ್ನು ತಣ್ಣೀರಿಗೆ ಇಳಿಸಬೇಡಿ. ಸಾಮಾನ್ಯ ಗಾಜು ಬಿಸಿಗೆ ಹಿಗ್ಗುವುದು ಬೋರೋಸಿಲಿಕೇಟ್ ಗಾಜಿಗಿಂತ (ಲ್ಯಾಬ್ ಪಾತ್ರೆಗಳಿಗೆ ಬಳಸುವ, ಬಿಸಿ ತಡೆಯುವ ಗಾಜು) ಸುಮಾರು ಎರಡೂವರೆ ಪಟ್ಟು ಜಾಸ್ತಿ. ಒಂದು ಬದಿ ಹಿಗ್ಗಿ ಇನ್ನೊಂದು ಬದಿ ಹಾಗೇ ಇದ್ದರೆ ಬಿರುಕು ಬಿಡಬಹುದು. ಸಿಂಕಿನ ತಳಕ್ಕೆ ಒಂದು ಟವೆಲ್ ಹಾಸಿ ತೊಳೆಯಿರಿ, ದೊಡ್ಡ ತಟ್ಟೆ ಕೈ ಜಾರುವುದೇ ಅಲ್ಲಿ. ಒಂದರ ಮೇಲೊಂದು ಇಡುವಾಗ ನಡುವೆ ಬಟ್ಟೆ ಅಥವಾ ದಪ್ಪ ಪೇಪರ್ ಇರಲಿ. ಅಂಚು ಎಲ್ಲಾದರೂ ಚಕ್ಕೆ ಎದ್ದಿದ್ದರೆ ಆ ತಟ್ಟೆಯನ್ನು ಬಡಿಸಲು ಬಳಸಬೇಡಿ.

ಪ್ರಶ್ನೆ ಕೇಳಿದವರು

ತುಂಬಾ ಧನ್ಯವಾದಗಳು. ಕೆತ್ತನೆ ತಟ್ಟೆ ಮತ್ತು ಚಿನ್ನದ ಗೆರೆಯದ್ದು ತಿಳಿಯಾದವು, ನೋಡಿ ಎಷ್ಟು ಸಂತೋಷವಾಯಿತು ಅಂತ ಹೇಳಲಾರೆ! ಹಳದಿ ಜಿಡ್ಡು ಎರಡನೇ ಸಲ ನೆನೆಹಾಕಿದಾಗ ಎದ್ದು ಬಂತು. ಸಾದಾ ತಟ್ಟೆಗಳಲ್ಲಿ ಅರ್ಧದಷ್ಟು ಸರಿಹೋದವು. ಉಳಿದವು ಎಷ್ಟು ಸಲ ವಿನಿಗರ್ ಇಟ್ಟರೂ ಹಾಗೇ ಇವೆ, ಓರೆ ಹಿಡಿದರೆ ನೀಲಿ ನೇರಳೆ ಮಿಂಚು ಕಾಣುತ್ತದೆ. ಇವಕ್ಕೆ ಏನಾದರೂ ದಾರಿ ಇದೆಯಾ?

ಉತ್ತರ 2 ಬರೆದವರು

ಅವು ಸವೆದಿವೆ. ಡಿಶ್‌ವಾಷರ್‌ನ ಪುಡಿ ಕೈಯಲ್ಲಿ ತೊಳೆಯುವ ಲಿಕ್ವಿಡ್‌ಗಿಂತ ಬಹಳ ಜಾಸ್ತಿ ಕ್ಷಾರ. ಬಿಸಿಯಲ್ಲಿ ಆ ಕ್ಷಾರ ಗಾಜಿನ ಸಿಲಿಕಾವನ್ನೇ ಸ್ವಲ್ಪ ಸ್ವಲ್ಪ ಕರಗಿಸುತ್ತದೆ. ನೀರು ಮೆದುವಾಗಿದ್ದು ಪುಡಿ ಹೆಚ್ಚು ಬಿದ್ದರೆ ಇನ್ನೂ ಬೇಗ. ಸೀರಿಯಂ ಆಕ್ಸೈಡ್ ಎಂಬ ಪಾಲಿಷ್ ಪುಡಿ ಇದೆ, ಗಾಜಿನ ಕೆಲಸದವರು ಬಳಸುತ್ತಾರೆ. ಆದರೆ ಇಡೀ ತಟ್ಟೆಯನ್ನು ಮನೆಯಲ್ಲಿ ಕೈಯಲ್ಲಿ ಪಾಲಿಷ್ ಮಾಡುವುದು ನನ್ನ ಪ್ರಕಾರ ಆಗದ ಕೆಲಸ. ಸುಮ್ನೆ ಕೈ ನೋವು. ಮಂಜಾಗಿದ್ದರೂ ಬಳಸಲು ತೊಂದರೆ ಇಲ್ಲ, ಬಿಸಾಡಬೇಡಿ. ನಡುವೆ ಒಂದು ಪೇಪರ್ ನ್ಯಾಪ್ಕಿನ್ ಹಾಸಿ ಒಣ ತಿಂಡಿ ಇಡಲು ಇಟ್ಟುಕೊಳ್ಳಿ.

ಸರಿಹೋದ ತಟ್ಟೆಗಳನ್ನು ಇನ್ನು ಕೈಯಲ್ಲೇ ತೊಳೆಯಿರಿ. ಡಿಶ್‌ವಾಷರ್ ಬೇಕೇ ಬೇಕು ಅಂದರೆ ಕಡಿಮೆ ಬಿಸಿಯ ಪ್ರೋಗ್ರಾಂ, ಕಡಿಮೆ ಪುಡಿ, ತಟ್ಟೆಗೆ ತಟ್ಟೆ ತಾಗದಂತೆ. ನೀರು ತಾನಾಗಿ ಆರಲು ಬಿಡಬೇಡಿ. ತೊಳೆದ ಕೂಡಲೇ ನೂಲು ಬಿಡದ ಬಟ್ಟೆಯಲ್ಲಿ ಒರೆಸಿಬಿಡಿ. ಆ ಬಟ್ಟೆಯನ್ನು ಒಗೆಯುವಾಗ ಕಂಫರ್ಟ್ ಥರದ ಬಟ್ಟೆ ಮೃದು ಮಾಡುವ ದ್ರವ ಹಾಕಬೇಡಿ, ಅದರ ಜಿಡ್ಡು ಗಾಜಿಗೆ ಹತ್ತುತ್ತದೆ.