ಹಳೆ ಡೀಸೆಲ್ ಲಾರಿ ತಗೊಂಡೆ: ಬೆಳಿಗ್ಗೆ ಸ್ಟಾರ್ಟ್ ಆಗಲ್ಲ, ಏರಿನಲ್ಲಿ ದಮ್ ಇಲ್ಲ

ಪ್ರಶ್ನೆ:

ಈಚೆಗೆ ಒಂದು ಸೆಕೆಂಡ್ ಹ್ಯಾಂಡ್ ಲಾರಿ ತೆಗೆದುಕೊಂಡಿದ್ದೇನೆ. ಆರು ಸಿಲಿಂಡರ್, ಟರ್ಬೊ, ಹಳೆ ಕಾಲದ ಇನ್‌ಲೈನ್ ಪಂಪ್ (ಸಿಲಿಂಡರ್‌ಗಳಿಗೆ ಡೀಸೆಲ್ ಒತ್ತಿ ಕಳಿಸುವ ಪಂಪ್). ಸೆನ್ಸರ್, ಕಂಪ್ಯೂಟರ್ ಯಾವುದೂ ಇಲ್ಲ. ನೋಡಲು ಹೋದಾಗ ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್ ಆಯಿತು. ಎಂಜಿನ್ ಆಗಲೇ ಬಿಸಿ ಇತ್ತು, ಈಗಷ್ಟೇ ಓಡಿಸಿ ತಂದೆವು ಅಂದರು.

ಈಗಿನ ಕಥೆ ಬೇರೆ. ರಾತ್ರಿ ನಿಲ್ಲಿಸಿ ಬೆಳಿಗ್ಗೆ ಸೆಲ್ಫ್ ಹೊಡೆದರೆ ಎಂಜಿನ್ ಜೋರಾಗಿಯೇ ತಿರುಗುತ್ತದೆ, ಆದರೆ ಬೇಗ ಸ್ಟಾರ್ಟ್ ಆಗಲ್ಲ. ಕೊನೆಗೂ ಸ್ಟಾರ್ಟ್ ಆದರೆ ಬಿಳಿ ಹೊಗೆ, ಕಣ್ಣು ಉರಿಯುವಷ್ಟು. ಐಡ್ಲಿಂಗ್ ಮೇಲೆ ಕೆಳಗೆ ಆಡುತ್ತದೆ. ಸ್ವಲ್ಪ ಹೊತ್ತಿಗೆ ತಾನೇ ಸರಿಹೋಗುತ್ತದೆ. ಮಧ್ಯಾಹ್ನ ನಿಲ್ಲಿಸಿ ಮತ್ತೆ ಸ್ಟಾರ್ಟ್ ಮಾಡಿದರೆ ಏನೂ ತೊಂದರೆ ಇಲ್ಲ. ಖಾಲಿ ಗಾಡಿ ಚೆನ್ನಾಗಿಯೇ ಓಡುತ್ತದೆ. ಲೋಡ್ ಹಾಕಿ ಏರು ಹತ್ತಿಸಿದರೆ ಮಾತ್ರ ಉಸಿರು ಕಟ್ಟಿದ ಹಾಗೆ ಆಗುತ್ತದೆ, ಆಕ್ಸಿಲರೇಟರ್ ಪೂರ್ತಿ ಒತ್ತಿದರೂ ಎಳೆಯಲ್ಲ.

ಇಬ್ಬರು ಮೆಕ್ಯಾನಿಕ್‌ಗೆ ತೋರಿಸಿದೆ. ಒಬ್ಬರು ಎಂಜಿನ್ ಬೋರ್‌ಗೆ ಬಂದಿದೆ, ಅಂದರೆ ಒಳಗೆ ಸವೆದಿದೆ, ಬಿಚ್ಚಿ ಮಾಡಿಸಬೇಕು ಅಂದರು. ಇನ್ನೊಬ್ಬರು ಪಂಪ್ ಇಳಿಸಿ ಟೆಸ್ಟ್ ಬೆಂಚಿಗೆ ಹಾಕಿಸಿ ಅಂದರು. ಯಾವುದನ್ನು ನಂಬಲಿ? ಮೊದಲು ನಾನೇ ನೋಡಿಕೊಳ್ಳುವಂಥದ್ದು ಏನಾದರೂ ಇದೆಯಾ?

ಉತ್ತರ 1:

ಬೆಳಿಗ್ಗೆ ಬಿಳಿ ಹೊಗೆ, ಏರಿನಲ್ಲಿ ಪಿಕಪ್ ಇಲ್ಲ ಅಂದರೆ ಕಂಪ್ರೆಷನ್ (ಸಿಲಿಂಡರ್ ಒಳಗೆ ಗಾಳಿ ಒತ್ತುವ ಶಕ್ತಿ) ಹೋಗಿದೆ ಅಂತಲೇ ಅರ್ಥ. ಲೈನರ್, ಪಿಸ್ಟನ್, ರಿಂಗ್ ಎಲ್ಲಾ ಒಂದೇ ಸಲ ಮಾಡಿಸಿಬಿಡಿ ಸರ್. ಬಿಡಿ ಬಿಡಿಯಾಗಿ ಮಾಡಿಸಿದರೆ ಮುಗಿಯುವುದೇ ಇಲ್ಲ.

ಉತ್ತರ 2:

ಮೇಲಿನ ಅಣ್ಣ ಸ್ವಲ್ಪ ತಾಳಲಿ. ನಾನು ಪಂಪ್, ನಾಜಲ್ (ಸಿಲಿಂಡರ್ ಒಳಗೆ ಡೀಸೆಲ್ ಸಿಂಪಡಿಸುವ ಭಾಗ) ಕೆಲಸ ಮಾಡುವವನು. ನೀವು ಪಂಪ್ ಇಳಿಸಿ ತಂದರೆ ನನ್ನಂಥವನಿಗೇ ಲಾಭ. ಆದರೂ ಹೇಳುತ್ತೇನೆ, ಈಗಲೇ ಇಳಿಸಬೇಡಿ. ಬೆಂಚಿಗೆ ಬರುವ ಎಷ್ಟೋ ಪಂಪ್‌ಗಳಲ್ಲಿ ಏನೂ ತೊಂದರೆ ಇರುವುದಿಲ್ಲ. ಗಾಡಿಯಲ್ಲಿ ಒಂದು ತಾಮ್ರದ ವಾಷರ್ ಹಾಳಾಗಿರುತ್ತದೆ, ಅಷ್ಟೇ.

ನೀವು ಬರೆದದ್ದನ್ನೇ ಇನ್ನೊಮ್ಮೆ ಓದಿ. ರಾತ್ರಿಯಿಡೀ ನಿಂತರೆ ತೊಂದರೆ, ಸ್ವಲ್ಪ ಹೊತ್ತು ನಿಂತರೆ ಇಲ್ಲ. ಐಡ್ಲಿಂಗ್ ಆಡಿ, ಆಮೇಲೆ ತಾನೇ ಸರಿಹೋಗುತ್ತದೆ. ಇದು ಗಾಳಿ ಸೇರಿಕೊಂಡ ಲಕ್ಷಣ. ರಾತ್ರಿ ಡೀಸೆಲ್ ಟ್ಯಾಂಕಿಗೆ ವಾಪಸ್ ಇಳಿದಿರುತ್ತದೆ, ಆ ಜಾಗದಲ್ಲಿ ಗಾಳಿ ಕೂತಿರುತ್ತದೆ. ಕಂಪ್ರೆಷನ್ ಕಮ್ಮಿ ಇದ್ದರೂ ಬೆಳಿಗ್ಗೆ ಬಿಳಿ ಹೊಗೆ ಬರುತ್ತದೆ, ನಿಜ. ಹಾಗಾಗಿ ಎರಡನ್ನೂ ಬೇರೆ ಮಾಡಿ ನೋಡಬೇಕು.

ನಾಳೆ ಬೆಳಿಗ್ಗೆ ಸೆಲ್ಫ್ ಮುಟ್ಟುವ ಮೊದಲು ಫೀಡ್ ಪಂಪ್ (ಟ್ಯಾಂಕಿನಿಂದ ಡೀಸೆಲ್ ಎಳೆದು ಕೊಡುವ ಸಣ್ಣ ಪಂಪ್) ಮೇಲಿರುವ ಹ್ಯಾಂಡ್ ಪ್ರೈಮರ್, ಅಂದರೆ ಕೈಯಿಂದ ಒತ್ತುವ ಗುಂಡಿ, ಹೊಡೆಯಿರಿ. ಮೊದಲು ಕೈಗೆ ಸಡಿಲ ಅನಿಸಿ ಆಮೇಲೆ ಗಟ್ಟಿಯಾದರೆ ಡೀಸೆಲ್ ಇಳಿದಿತ್ತು ಅಂತ. ಗಟ್ಟಿಯಾದ ಮೇಲೆ ಸ್ಟಾರ್ಟ್ ಮಾಡಿ. ತಕ್ಷಣ ಸ್ಟಾರ್ಟ್ ಆದರೆ ಬೋರ್ ಮಾತನ್ನು ಸದ್ಯಕ್ಕೆ ಮರೆಯಿರಿ. ಕಂಪ್ರೆಷನ್ ಇಲ್ಲದ ಎಂಜಿನ್ ಪ್ರೈಮರ್ ಹೊಡೆದ ಮಾತ್ರಕ್ಕೆ ಸ್ಟಾರ್ಟ್ ಆಗಲ್ಲ.

ಇಲ್ಲಿ ತುಂಬಾ ಜನ ಯಾಮಾರುತ್ತಾರೆ. ಫೀಡ್ ಪಂಪ್ ಆದ ಮೇಲಿನ ಪೈಪುಗಳಲ್ಲಿ ಒತ್ತಡ ಇರುತ್ತದೆ, ಅಲ್ಲಿ ಲೀಕ್ ಇದ್ದರೆ ಡೀಸೆಲ್ ಹನಿ ಕಣ್ಣಿಗೆ ಬೀಳುತ್ತದೆ. ಟ್ಯಾಂಕಿನಿಂದ ಫೀಡ್ ಪಂಪ್ ತನಕ ಡೀಸೆಲನ್ನು ಎಳೆದುಕೊಳ್ಳುವ ಕಡೆ. ಅಲ್ಲಿ ಡೀಸೆಲ್ ಹೊರಗೆ ಬರುವುದಿಲ್ಲ, ಗಾಳಿ ಒಳಗೆ ಹೋಗುತ್ತದೆ. ತೂತಾದ ಸ್ಟ್ರಾದಲ್ಲಿ ಹೀರಿದ ಹಾಗೆ. ಎಲ್ಲಾ ಒಣಗಿದೆ, ಲೀಕ್ ಇಲ್ಲ ಅಂತ ಮೆಕ್ಯಾನಿಕ್ ಹೇಳುವುದು ಇದಕ್ಕೇ.

ಗೊತ್ತಾಗಬೇಕಾದರೆ ಫೀಡ್ ಪಂಪ್‌ಗೆ ಬರುವ ಪೈಪ್ ಬಿಚ್ಚಿ ಪಾರದರ್ಶಕ ಹೋಸ್ ಹಾಕಿ. ಗುಳ್ಳೆ ಓಡುವುದು ಕಾಣುತ್ತದೆ. ಇನ್ನೂ ಖಾತ್ರಿ ಬೇಕಾದರೆ ಶುದ್ಧ ಡೀಸೆಲ್ ತುಂಬಿದ ಕ್ಯಾನನ್ನು ಪಂಪ್‌ಗಿಂತ ಎತ್ತರದಲ್ಲಿ ಕಟ್ಟಿ. ಟರ್ಬೊ, ಸೈಲೆನ್ಸರ್ ಪೈಪಿನಿಂದ ದೂರ ಇರಲಿ. ಆ ಹೋಸನ್ನು ಕ್ಯಾನಿಗೆ ಬಿಟ್ಟು ಗಾಳಿ ತೆಗೆದು ರಾತ್ರಿ ಹಾಗೇ ನಿಲ್ಲಿಸಿ. ಬೆಳಿಗ್ಗೆ ಸಲೀಸಾಗಿ ಸ್ಟಾರ್ಟ್ ಆದರೆ ತಪ್ಪು ಇರುವುದು ಟ್ಯಾಂಕಿನಿಂದ ಪಂಪ್ ತನಕದ ದಾರಿಯಲ್ಲಿ. ಪಂಪೂ ಅಲ್ಲ, ನಾಜಲೂ ಅಲ್ಲ.

ಏರಿನ ವಿಷಯಕ್ಕೆ ಬಂದರೆ, ಹೊಗೆಯ ಬಣ್ಣ ನೀವು ಬರೆದಿಲ್ಲ. ದಮ್ ಹೋಗುವಾಗ ದಟ್ಟ ಕಪ್ಪು ಹೊಗೆ ಬಂದರೆ ಡೀಸೆಲ್ ಇದೆ, ಗಾಳಿ ಸಾಲುತ್ತಿಲ್ಲ. ಏರ್ ಫಿಲ್ಟರ್, ಟರ್ಬೊ ಹೋಸ್, ಇಂಟರ್‌ಕೂಲರ್ (ಟರ್ಬೊದಿಂದ ಬರುವ ಗಾಳಿ ತಣಿಸುವ ಭಾಗ) ನೋಡಿ. ಹೊಗೆಯೇ ಇಲ್ಲದೆ ದಮ್ ಹೋದರೆ ಡೀಸೆಲ್ಲೇ ಸಾಲುತ್ತಿಲ್ಲ. ಫಿಲ್ಟರ್, ಟ್ಯಾಂಕ್ ಒಳಗಿನ ಜಾಲರಿ ನೋಡಿ. ದಮ್ ಹೋದ ಕೂಡಲೇ ನಿಲ್ಲಿಸಿ ಟ್ಯಾಂಕ್ ಮುಚ್ಚಳ ತೆಗೆದಾಗ ಬುಸ್ ಅಂತ ಗಾಳಿ ಎಳೆದುಕೊಂಡರೆ ಟ್ಯಾಂಕಿನ ಗಾಳಿ ತೂತು ಕಟ್ಟಿಕೊಂಡಿದೆ.

ಬ್ಯಾಕ್ ಕಂಪ್ರೆಷನ್, ಅಂದರೆ ಸವೆದ ರಿಂಗ್ ದಾಟಿ ಎಂಜಿನ್ ಕೆಳಭಾಗಕ್ಕೆ ನುಗ್ಗುವ ಹೊಗೆ, ಅದರ ಬಗ್ಗೆಯೂ ಒಂದು ಮಾತು. ಎಂಜಿನ್ ಬಿಸಿಯಾದ ಮೇಲೆ ಐಡ್ಲಿಂಗ್‌ನಲ್ಲಿ ಆಯಿಲ್ ಹಾಕುವ ಮುಚ್ಚಳ ಸಡಿಲಿಸಿ ಸುಮ್ನೆ ಮೇಲೆ ಇಡಿ. ತೆಳುವಾದ ಆವಿ ಬಂದರೆ ಗಾಬರಿ ಬೇಡ. ಮುಚ್ಚಳ ಕುಣಿದು ಹೊಗೆ ನುಗ್ಗಿದರೆ ಯೋಚಿಸಬೇಕು. ಆಗಲೂ ಬೋರ್ ಅಂತ ಹಾರಬೇಡಿ. ಏರ್ ಬ್ರೇಕ್ ಕಂಪ್ರೆಸರ್‌ನ ರಿಂಗ್ ಸವೆದಿದ್ದರೆ ಅದರ ಗಾಳಿಯೂ ಎಂಜಿನ್ ಒಳಗೇ ಬರುತ್ತದೆ. ಏರ್ ಟ್ಯಾಂಕಿನ ಡ್ರೈನ್ ಬಿಟ್ಟು ನೋಡಿ. ಜಾಸ್ತಿ ಆಯಿಲ್ ಬಂದರೆ ಕಂಪ್ರೆಸರ್ ಮೇಲೆ ಅನುಮಾನ ಪಡಿ. ಇದನ್ನು ನೋಡದೆ ಹೆಡ್ ಇಳಿಸುವವರನ್ನು ಕಂಡರೆ ನನಗೆ ಕೋಪ ಬರುತ್ತದೆ.

ಉತ್ತರ 3:

ಒಳ್ಳೆ ಮಾಹಿತಿ ಅಣ್ಣ. ನನ್ನದು ಕಾಮನ್ ರೈಲ್ ಗಾಡಿ (ಎಲ್ಲಾ ಇಂಜೆಕ್ಟರ್‌ಗೂ ಒಂದೇ ಹೈ ಪ್ರೆಷರ್ ಪೈಪಿನಿಂದ ಡೀಸೆಲ್ ಹೋಗುವ, ಕಂಪ್ಯೂಟರ್ ಇರುವ ಹೊಸ ಥರದ್ದು), ಒಂದು ಸಿಲಿಂಡರ್ ಸರಿಯಾಗಿ ಉರಿಯದೆ ಮಿಸ್ಸಿಂಗ್ ಇದೆ. ಹಳೆ ಗಾಡಿಗಳಲ್ಲಿ ನಾಜಲ್ ಪೈಪಿನ ನಟ್ ಒಂದೊಂದಾಗಿ ಸಡಿಲಿಸಿ ಶಬ್ದ ಬದಲಾಗುತ್ತದಾ ಅಂತ ನೋಡುತ್ತಾರಲ್ವಾ, ಹಾಗೆ ನಾನೂ ನೋಡಬಹುದಾ?

ಉತ್ತರ 2 ಬರೆದವರು:

ಬೇಡವೇ ಬೇಡ. ಆ ಪರೀಕ್ಷೆ ಹಳೆ ಪಂಪಿನ ಗಾಡಿಗೆ ಮಾತ್ರ. ಅಲ್ಲೂ ಕನ್ನಡಕ, ಗ್ಲೌಸ್ ಬೇಕು. ಕಾಮನ್ ರೈಲ್‌ನಲ್ಲಿ ಲೋಡ್ ಬಿದ್ದಾಗ ಒತ್ತಡ 1000 ಬಾರ್ ದಾಟುತ್ತದೆ, ಕೆಲವು ಎಂಜಿನ್‌ಗಳಲ್ಲಿ 2000 ಕೂಡ. ಐಡ್ಲಿಂಗ್‌ನಲ್ಲೇ ನೂರಾರು ಬಾರ್ ಇರುತ್ತದೆ. ಸೂಜಿಯಂಥ ಧಾರೆ ಚರ್ಮ ತೂರಿ ಒಳಗೆ ಹೋಗುತ್ತದೆ. ಮೇಲೆ ನೋಡಿದರೆ ಸಣ್ಣ ಚುಕ್ಕೆ ಅಷ್ಟೇ, ಒಳಗೆ ಮಾಂಸ ಕೊಳೆಯಬಹುದು. ಹಾಗೇನಾದರೂ ಆದರೆ ನೋವಿಲ್ಲ ಅಂತ ಮನೆಯಲ್ಲಿ ಕೂರದೆ ಆಸ್ಪತ್ರೆಗೆ ಓಡಬೇಕು.

ನೀವು ಸ್ಕ್ಯಾನರ್ ಹಾಕಿಸಿ, ಇಂಜೆಕ್ಟರ್‌ಗಳನ್ನು ಒಂದೊಂದಾಗಿ ಅದರಲ್ಲೇ ಆಫ್ ಮಾಡಿಸಿ ನೋಡಿ. ಜೊತೆಗೆ ರಿಟರ್ನ್ ಟೆಸ್ಟ್ ಮಾಡಿಸಿ. ಪ್ರತಿ ಇಂಜೆಕ್ಟರ್‌ನ ವಾಪಸ್ ಡೀಸೆಲನ್ನು ಬೇರೆ ಬೇರೆ ಬಾಟಲಿಯಲ್ಲಿ ಹಿಡಿಯುತ್ತಾರೆ. ಯಾವ ಬಾಟಲಿ ಬೇರೆಯವಕ್ಕಿಂತ ಬೇಗ ತುಂಬುತ್ತದೋ ಆ ಇಂಜೆಕ್ಟರ್ ಹೋಗಿದೆ ಅಂತ.

ಪ್ರಶ್ನೆ ಕೇಳಿದವರು:

ಅಣ್ಣ, ಪ್ರೈಮರ್ ಹೊಡೆದೆ. ಮೊದಲು ಪುಸುಪುಸು ಅನ್ನುತ್ತಿತ್ತು, ಆಮೇಲೆ ಗಟ್ಟಿಯಾಯಿತು. ಕೀ ತಿರುಗಿಸಿದ ಕೂಡಲೇ ಸ್ಟಾರ್ಟ್! ಏರಿನಲ್ಲೂ ನೋಡಿದೆ, ಕಪ್ಪು ಹೊಗೆ ಇಲ್ಲವೇ ಇಲ್ಲ. ಪಾರದರ್ಶಕ ಹೋಸ್ ಹಾಕಿದರೆ ಗುಳ್ಳೆಯೋ ಗುಳ್ಳೆ. ಹುಡುಕುತ್ತಾ ಹೋದರೆ ಟ್ಯಾಂಕ್ ಹತ್ತಿರದ ರಬ್ಬರ್ ಹೋಸ್ ಸರಿಯಾಗಿ ಕ್ಲಿಪ್ ಅಡಿಯಲ್ಲೇ ಸೀಳಿತ್ತು. ಮೇಲಿನಿಂದ ಕಾಣುವುದೇ ಇಲ್ಲ, ಕ್ಲಿಪ್ ತೆಗೆದು ಹೋಸ್ ಬಗ್ಗಿಸಿದಾಗ ಬಾಯಿ ಬಿಟ್ಟಿತು. ಟ್ಯಾಂಕ್ ಒಳಗಿನ ಜಾಲರಿಗೆ ಕಪ್ಪು ಲೋಳೆ ಅಂಟಿಕೊಂಡಿದೆ. ಹೋಸ್ ಬದಲಿಸಿ ಜಾಲರಿ ತೊಳೆದೆ. ಈಗ ಬೆಳಿಗ್ಗೆ ಆರಾಮಾಗಿ ಸ್ಟಾರ್ಟ್ ಆಗುತ್ತಿದೆ, ಏರಿನಲ್ಲೂ ಎಳೆಯುತ್ತಿದೆ. ಆದರೆ ಆ ಲೋಳೆ ಏನು?

ಉತ್ತರ 2 ಬರೆದವರು:

ಟ್ಯಾಂಕಿನ ತಳದಲ್ಲಿ ನೀರು ನಿಂತರೆ ಡೀಸೆಲ್ ಮತ್ತು ನೀರು ಸೇರುವ ಜಾಗದಲ್ಲಿ ಸೂಕ್ಷ್ಮಜೀವಿಗಳು ಬೆಳೆಯುತ್ತವೆ. ಆ ಲೋಳೆ ಅದೇ. ಗಾಡಿ ತುಂಬಾ ದಿನ ನಿಂತಿತ್ತು ಅನಿಸುತ್ತದೆ. ಜಾಲರಿ ತೊಳೆದರೆ ಸಾಲದು, ಟ್ಯಾಂಕ್ ಇಳಿಸಿ ತಳ ಪೂರ್ತಿ ಖಾಲಿ ಮಾಡಿ ತೊಳೆಸಿ. ಆಮೇಲೆ ಎರಡೂ ಡೀಸೆಲ್ ಫಿಲ್ಟರ್ ಹೊಸದು ಹಾಕಿ. ಪೈಪಿನಲ್ಲಿ ಉಳಿದ ಲೋಳೆ ಬಂದು ಹೊಸ ಫಿಲ್ಟರ್ ಕೂಡ ಬೇಗ ಕಟ್ಟಿಕೊಳ್ಳುತ್ತದೆ. ಕ್ಯಾಬಿನ್‌ನಲ್ಲಿ ಇನ್ನೊಂದು ಜೊತೆ ಇಟ್ಟುಕೊಂಡಿರಿ. ಬದಲಿಸಿದಾಗ ಫಿಲ್ಟರ್ ಮೇಲಿನ ಬ್ಲೀಡ್ ಸ್ಕ್ರೂ ಸಡಿಲಿಸಿ, ಗುಳ್ಳೆ ನಿಂತು ಬರೀ ಡೀಸೆಲ್ ಬರುವ ತನಕ ಪ್ರೈಮರ್ ಹೊಡೆದು ಆಮೇಲೆ ಬಿಗಿ ಮಾಡಿ. ವಾಟರ್ ಸಪರೇಟರ್ ಇದ್ದರೆ ಸದ್ಯಕ್ಕೆ ದಿನಾ ಬೆಳಿಗ್ಗೆ ಡ್ರೈನ್ ಮಾಡಿ. ಏರ್ ಟ್ಯಾಂಕ್ ಡ್ರೈನ್ ಮಾಡಿದಾಗ ಆಯಿಲ್ ಬಂತಾ ಇಲ್ವಾ ಅನ್ನುವುದನ್ನು ನೀವಿನ್ನೂ ಹೇಳಿಲ್ಲ.