‘ಭಾವ, ಆರ್ಡರ್ ಮಾಡುವ ಮೊದಲು ಅಳತೆ ನೋಡುವ’

ನಮ್ಮ ತರವಾಡು ಮನೆಯ ವಾಟ್ಸಾಪ್ ಗುಂಪಿನಲ್ಲಿ ನಿನ್ನೆ ರಾತ್ರಿ ನಡೆದ ಚರ್ಚೆ ಇದು. ಭಾವನ ಒಪ್ಪಿಗೆ ಕೇಳಿಯೇ ಹಾಕುತ್ತಿದ್ದೇನೆ. ಸೈಕಲ್ ಬಿಡುವಾಗ ಕೈ ಜೋಮು ಹಿಡಿಯುವ ಬೇರೆಯವರಿಗೂ ಉಪಯೋಗವಾದೀತು. (ಸ್ಟೆಮ್ ಅಂದರೆ ಹ್ಯಾಂಡಲನ್ನು ಸೈಕಲಿಗೆ ಹಿಡಿದಿಡುವ ಗಿಡ್ಡ ತುಂಡು.)

ತಮ್ಮ (ಮಂಗಳೂರು): [ಫಾರ್ವರ್ಡ್ ಮಾಡಿದ ಫೋಟೋ] ಭಾವ, ಇದು ನೋಡಿ. ಹ್ಯಾಂಡಲ್, ಸ್ಟೆಮ್ ಸೇರಿ ಒಂದೇ ತುಂಡು, ಪೂರ್ತಿ ಕಾರ್ಬನ್ ಫೈಬರ್. ಕೈ ಜೋಮು ನಿಲ್ತದೆ ಅಂತ ಬರೆದಿದ್ದಾರೆ.

ಭಾವ (ಬದಿಯಡ್ಕ): ಲಾಯ್ಕುಂಟು. ಕುಂಬಳೆಗೆ ಹೋಗುವಾಗ ನನಗೆ ಸೀತಾಂಗೋಳಿಯಲ್ಲೇ ಕೈ ಮರಗಟ್ತದೆ. ಆರ್ಡರ್ ಮಾಡುವುದು ಹೇಗೆ?

ನಾನು: ಭಾವ, ಸ್ವಲ್ಪ ತಡೆಯಿರಿ. ಮರಗಟ್ಟುವುದು ಯಾವ ಬೆರಳು?

ಭಾವ: ಕಿರುಬೆರಳು, ಅದರ ಪಕ್ಕದ್ದು. ಎರಡೂ ಕೈಯಲ್ಲಿ.

ಅತ್ತಿಗೆ: ನಮ್ಮ ಫಿಸಿಯೋಥೆರಪಿಗೆ ಇಂಥವರು ಬರ್ತಾರೆ. ಅದು ಅಲ್ನಾರ್ ನರ. ಅಂಗೈಯ ಬುಡದಲ್ಲಿ ಕಿರುಬೆರಳಿನ ಬದಿಗೆ ಹಾದು ಹೋಗ್ತದೆ, ಅಲ್ಲಿ ತುಂಬ ಹೊತ್ತು ಭಾರ ಬಿದ್ದರೆ ಹೀಗಾಗ್ತದೆ. ಸೈಕಲಿನಿಂದ ಇಳಿದ ಮೇಲೂ ಜೋಮು ಉಳಿದರೆ, ಹಿಡಿತ ಕಡಿಮೆಯಾದರೆ ಡಾಕ್ಟರಿಗೆ ತೋರಿಸಿ ಭಾವ. ತಡ ಮಾಡಬೇಡಿ.

ತಮ್ಮ: ಅದಕ್ಕೇ ಹೇಳಿದ್ದು. ಕಾರ್ಬನ್ ನಡುಕ ಹೀರ್ತದೆ.

ನಾನು: ಸ್ವಲ್ಪ ಹೀರ್ತದೆ, ಇಲ್ಲ ಅನ್ನುವುದಿಲ್ಲ. ಆದರೆ ಭಾವನಿಗೆ ಹ್ಯಾಂಡಲ್ಲೇ ದೂರ ಆಗಿದೆ. ಆ ಸೈಕಲನ್ನು ಮೊದಲು ಬಿಡುತ್ತಿದ್ದವರು ಆರಡಿ ಎತ್ತರ, ಭಾವ ಐದಡಿ ಐದಿಂಚು. ಹೋದ ತಿಂಗಳು ಜಗಲಿಯಲ್ಲಿ ನಾನೇ ಟೇಪ್ ಹಿಡಿದು ಅಳೆದಿದ್ದೆ. ಸ್ಟೆಮ್ 120 ಮಿ.ಮೀ., ಹ್ಯಾಂಡಲ್ ಅಗಲ 44 ಸೆಂ.ಮೀ. ಭಾವನ ಭುಜದ ಎಲುಬಿನಿಂದ ಎಲುಬಿಗೆ 39. ಬ್ರೇಕ್ ಹಿಡಿಯಲಿಕ್ಕೆ ಕೈ ಚಾಚಿದರೆ ಮೊಣಕೈ ಬಾಗುವುದೇ ಇಲ್ಲ. ಮೊಣಕೈ ನೆಟ್ಟಗಿದ್ದರೆ ಹೊಂಡದ ಪೆಟ್ಟೆಲ್ಲ ಸೀದಾ ಅಂಗೈಗೆ, ಕುತ್ತಿಗೆಗೆ.

ಒಂದೇ ತುಂಡಿನದ್ದು ತಂದು ಉದ್ದ ತಪ್ಪಿತು ಅಂತ ಇಟ್ಟುಕೊಳ್ಳಿ. ಸ್ಟೆಮ್ ಮಾತ್ರ ಬದಲಾಯಿಸಲಿಕ್ಕೆ ಬರುವುದಿಲ್ಲ, ಹ್ಯಾಂಡಲನ್ನು ಒಂಚೂರು ಮೇಲಕ್ಕೆ ತಿರುಗಿಸಲಿಕ್ಕೂ ಬರುವುದಿಲ್ಲ. ಇಡೀ ಸಾಮಾನೇ ದಂಡ.

ಭಾವ: ನಲ್ವತ್ತು ವರ್ಷ ಅಡಿಕೆ ತೋಟದಲ್ಲಿ ದುಡಿದಾಯ್ತು ಮಾರಾಯ. ನನ್ನ ದುಡ್ಡಿನಲ್ಲಿ ಒಂದು ಒಳ್ಳೆ ಸಾಮಾನು ಹಾಕಬಾರದಾ?

ನಾನು: ಖಂಡಿತ ಹಾಕಬೇಕು ಭಾವ. ನಿಮ್ಮ ಅಳತೆಯದ್ದು ಹಾಕಬೇಕು ಅಂತಲೇ ನಾನು ಇಷ್ಟು ಹೇಳುವುದು.

ತಮ್ಮ: ಅಣ್ಣ, ಸ್ಟೆಮ್ ಗಿಡ್ಡ ಮಾಡಿದರೆ ಹ್ಯಾಂಡಲ್ ಚುರುಕಾಗ್ತದೆ. ಇಳಿಜಾರಿನಲ್ಲಿ ಭಾವನಿಗೆ ಹೆದರಿಕೆ ಆಗುದಿಲ್ವಾ?

ನಾನು: ನೀನು ಹೇಳಿದ್ದು ಸರಿ. 120ರಿಂದ ಸೀದಾ 60ಕ್ಕೆ ಇಳಿಸಿದರೆ ಹಾಗೆ ಆದೀತು. 90 ಸಾಕು. ಒಂದೆರಡು ದಿನದಲ್ಲಿ ಕೈಗೆ ಅಭ್ಯಾಸ ಆಗ್ತದೆ.

ಅಕ್ಕ: ನಾನೊಂದು ಹೇಳ್ತೇನೆ. ಇವರು ಸೀಟಿನಲ್ಲಿ ಮುಂದೆ ಮುಂದೆ ಜಾರ್ತಾ ಇರ್ತಾರೆ. ಗೇಟಿನ ಹತ್ತಿರ ಮುಟ್ಟುವುದರೊಳಗೆ ಎರಡು ಸಲ ಹಿಂದೆ ಸರಿದು ಕೂರ್ತಾರೆ. [ಫೋಟೋ]

ನಾನು: ಅಕ್ಕ, ಇದು ನಾನು ನೋಡಿಯೇ ಇರಲಿಲ್ಲ! ಸೀಟಿನ ಮೂತಿ ಕೆಳಗೆ ಬಾಗಿದೆ. ಮೈ ಜಾರಿದಷ್ಟೂ ಅದನ್ನು ತಡೆಯುವುದು ಕೈಯೇ. ಹ್ಯಾಂಡಲಿಗಿಂತ ಮೊದಲು ಇದು ಸರಿಯಾಗಬೇಕು.

ಭಾವ: ಮೂತಿ ನಾನೇ ತಗ್ಗಿಸಿದ್ದು. ಹ್ಯಾಂಡಲ್ ದೂರ ಅನಿಸಿತು, ಅದಕ್ಕೆ.

ನಾನು: ಹಾಗಾದರೆ ನಾಳೆ ಮೊದಲು ಸೀಟು ಮಟ್ಟಗೋಲು ಇಟ್ಟು ಸಮ ಮಾಡುವ. ಅದಾದ ಮೇಲೆ ಈಗಿರುವ ಸ್ಟೆಮ್ಮನ್ನೇ ಬಿಚ್ಚಿ ತಲೆಕೆಳಗೆ ಹಾಕುವ. ಅದರ ಮೇಲೆ -6 ಡಿಗ್ರಿ ಅಂತ ಓರೆ ಬರೆದಿದೆ, ತಿರುಗಿಸಿದರೆ +6. ನಿಮ್ಮದರಲ್ಲಿ ಹ್ಯಾಂಡಲ್ ಸುಮಾರು 24 ಮಿ.ಮೀ. ಮೇಲೆ ಬರ್ತದೆ, 7 ಮಿ.ಮೀ. ಹತ್ತಿರ. ಒಂದು ಪೈಸೆ ಖರ್ಚಿಲ್ಲ. ಕೇಬಲ್ ಎಳೆದು ಹಿಡಿಯುತ್ತದಾ ಅಂತ ಹ್ಯಾಂಡಲನ್ನು ಎರಡೂ ಬದಿಗೆ ಪೂರ್ತಿ ತಿರುಗಿಸಿ ನೋಡಬೇಕು, ಬ್ರೇಕಿನ ವಿಷಯ. ಒಂದು ವಾರ ಹಾಗೇ ಬಿಡಿ. ಆಗಲೂ ದೂರ ಅನಿಸಿದರೆ 90 ಮಿ.ಮೀ.ನ ಅಲ್ಯೂಮಿನಿಯಂ ಸ್ಟೆಮ್, 40 ಸೆಂ.ಮೀ. ಅಗಲದ ಹ್ಯಾಂಡಲ್ ತರುವ. ಮುಂದಕ್ಕೆ ಚಾಚಿರುವ ಭಾಗ 70–75 ಮಿ.ಮೀ. ಇರುವಂಥದ್ದು. ಸ್ಟೆಮ್ ಹ್ಯಾಂಡಲನ್ನು ಹಿಡಿಯುವ ಕಡೆಯ ವ್ಯಾಸ 31.8 ಮಿ.ಮೀ. ಅಂತ ನೋಡಿಯೇ ತೆಗೊಳ್ಳಬೇಕು, ಹಳೆ ಹ್ಯಾಂಡಲುಗಳಲ್ಲಿ 26.0 ಕೂಡ ಇರ್ತದೆ, ಒಂದಕ್ಕೊಂದು ಕೂರುವುದಿಲ್ಲ. ಅಗಲವನ್ನು ಕೆಲವರು ಪೈಪಿನ ನಡುವಿನಿಂದ ನಡುವಿಗೆ ಅಳೆಯುತ್ತಾರೆ, ಕೆಲವರು ಹೊರ ಅಂಚಿನಿಂದ. ಅದರಲ್ಲೇ ಎರಡು ಸೆಂ.ಮೀ. ಹೆಚ್ಚುಕಡಿಮೆ ಆಗ್ತದೆ.

ತಮ್ಮ: ಟಯರ್ ಯಾವುದು ಭಾವ?

ಭಾವ: 25 ಮಿ.ಮೀ. ಅಗಲದ್ದು. ಗಾಳಿ ಕಲ್ಲಿನ ಹಾಗೆ ತುಂಬಿಸ್ತೇನೆ.

ತಮ್ಮ: ಫ್ರೇಮಿನಲ್ಲಿ ಜಾಗ ಇದ್ದರೆ 28 ಹಾಕಿ, ಗಾಳಿ ಸ್ವಲ್ಪ ಇಳಿಸಿ. ನಡುಕ ಅದರಲ್ಲೇ ಎಷ್ಟೋ ಕಡಿಮೆ ಆಗ್ತದೆ. ಕಾರ್ಬನ್ ಮತ್ತೆ ನೋಡುವ.

ನಾನು: ಇದು ಒಳ್ಳೆ ಮಾತು. ಹ್ಯಾಂಡಲಿಗೆ ಸುತ್ತಿದ ಟೇಪೂ ಬಿಚ್ಚಿ ನೋಡುವ ಭಾವ. ನಮ್ಮ ಕರಾವಳಿಯ ಸೆಕೆಯಲ್ಲಿ ಬೆವರಿನ ಉಪ್ಪು ಒಳಗೆ ಇಳಿದು ಅಲ್ಯೂಮಿನಿಯಂ ತಿನ್ನುತ್ತದೆ. ಬಿಳಿ ಹುಡಿ, ಸಣ್ಣ ಗುಳಿ ಕಂಡರೆ ಆ ಹ್ಯಾಂಡಲ್ ಮತ್ತೆ ಬಳಸಬಾರದು.

ಭಾವ: ಸರಿ. ಆರ್ಡರ್ ಮಾಡುವುದಿಲ್ಲ. ಸ್ಟೆಮ್ ಈಗಲೇ ಬಿಚ್ಚಿದೆ ಅಂತ ಮಾಡು, ಆಗ್ತದಾ?

ನಾನು: ಬೇಡ ಭಾವ! ಮೇಲಿನ ಮುಚ್ಚಳದ ಬೋಲ್ಟು ಬೇರಿಂಗಿನ ಸಡಿಲ ತೆಗೆಯಲಿಕ್ಕೆ ಮಾತ್ರ, ಸ್ಟೆಮ್ಮನ್ನು ಹಿಡಿಯುವುದು ಬದಿಯ ಎರಡು ಬೋಲ್ಟು. ಎಲ್ಲ ಬಿಚ್ಚಿ ಸೈಕಲ್ ಎತ್ತಿದರೆ ಮುಂದಿನ ಫೋರ್ಕ್ ಕೆಳಗೆ ಜಾರ್ತದೆ. ಹಾಕುವಾಗ ಮೊದಲು ಮೇಲಿನದ್ದು, ಆಮೇಲೆ ಬದಿಯದ್ದು, ಸ್ಟೆಮ್ಮಿನ ಮೇಲೆ ಬರೆದಷ್ಟೇ ಬಿಗಿ. ನಿಮ್ಮದರಲ್ಲಿ 5 ನ್ಯೂಟನ್ ಮೀಟರ್ ಅಂತ ಇದೆ. ಅಷ್ಟೇ ಬಿಗಿ ಮಾಡಲಿಕ್ಕೆ ಟಾರ್ಕ್ ವ್ರೆಂಚ್ ನನ್ನಲ್ಲಿ ಉಂಟು.

ಭಾವ: ಬೋಲ್ಟು ಬಿಚ್ಚುವ 4 ಮಿ.ಮೀ. ಅಲೆನ್ ಕೀ ನನ್ನಲ್ಲಿ ಉಂಟು. 5ರದ್ದು ಕಾಣುವುದಿಲ್ಲ.

ನಾನು: ತರ್ತೇನೆ. ಬೆಳಿಗ್ಗೆ ಏಳಕ್ಕೆ ಅಲ್ಲಿರ್ತೇನೆ.

ಅಕ್ಕ: ತಿಂಡಿ ಇಲ್ಲಿಗೇ. ನೀರುದೋಸೆ.